ಸರ್ವರ್ ನಿಂತಾಗ: ಮೊದಲು ನಕಲು, ಆಮೇಲೆ ದುರಸ್ತಿ

(ಸಂಘದ ವಾರ್ಷಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಉರ್ದು ಮತ್ತು ಕನ್ನಡ ಕಲಿಸುವ ಮಾಸ್ತರನಿಗೆ ಸರ್ವರಿನ ವಿಷಯ ಏಕೆ ಕೊಟ್ಟರು ಎಂದು ಕೆಲವರಿಗೆ ಅನಿಸಿರಬಹುದು. ಕಾರಣ ಸರಳವಾಗಿದೆ. ನಮ್ಮ ಶಾಲೆಗಳಲ್ಲಿ ಕಂಪ್ಯೂಟರಿನೊಳಗೆ ಅತಿ ಹೆಚ್ಚು ಬರೆದಿಟ್ಟವರು ಭಾಷಾ ಶಿಕ್ಷಕರೇ. ಪ್ರಶ್ನೆಪತ್ರಿಕೆ, ನಿಬಂಧ, ಸ್ಮರಣಸಂಚಿಕೆ, ಉರ್ದು ಪಾಠದ ಟಿಪ್ಪಣಿ, ಶಾಲಾ ವಾರ್ಷಿಕೋತ್ಸವದ ಕರಪತ್ರ ಎಲ್ಲವೂ ನಮ್ಮ ಕೈಯಿಂದಲೇ ಹೋಗಿವೆ. ಅದು ಕೆಟ್ಟಾಗ ಕಳೆದುಕೊಳ್ಳುವವರೂ ನಾವೇ. ಹೀಗಾಗಿ ಎಂಜಿನಿಯರರ ಮಾತಿಗಿಂತ ಕಳೆದುಕೊಳ್ಳುವವರ ಕಡೆಯಿಂದ ಒಂದೆರಡು ಮಾತು ಹೇಳುತ್ತೇನೆ.

"ಸರ್ವರ್ ಇಲ್ರಿ, ನಾಳೆ ಬರ್ರಿ" ಎಂಬ ಮಾತು ಕನ್ನೊಳ್ಳಿಯಲ್ಲಿ ಈಗ ಯಾರಿಗೂ ಹೊಸದಲ್ಲ. ಇಂಗ್ಲಿಷ್ ಒಂದಕ್ಷರ ಬಾರದ ಅಜ್ಜಿಯೂ "ಸರ್ವರ್ ಬಿಜಿ ಅದ" ಎನ್ನುತ್ತಾಳೆ. 2023ರ ಜೂನ್ 18ರಂದು ಗೃಹಜ್ಯೋತಿ, ಜುಲೈ 19ರಂದು ಗೃಹಲಕ್ಷ್ಮಿ ನೋಂದಣಿ ಶುರುವಾದ ದಿನಗಳನ್ನು ನೆನೆಸಿಕೊಳ್ಳಿ. ಇಡೀ ರಾಜ್ಯದ ತಾಯಂದಿರು ಆಧಾರ್ ಕಾರ್ಡು ಹಿಡಿದು ಸಾಲಿನಲ್ಲಿ ನಿಂತರು, ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಅದಕ್ಕೂ ಎರಡು ದಶಕ ಹಿಂದೆ, 2001-02ರ ಸುಮಾರಿಗೆ, ಭೂಮಿ ಯೋಜನೆ ಬಂತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಉತಾರಗಳು ತಲಾಠಿಗಳ ದಫ್ತರದಿಂದ ಕಂಪ್ಯೂಟರಿಗೆ ಏರಿದವು, ಕೈಬರಹದ ಉತಾರಕ್ಕೆ ಕಾನೂನಿನ ಮಾನ್ಯತೆ ಹೋಯಿತು. ಲಂಚ, ಅಲೆದಾಟ ಕಡಿಮೆಯಾದದ್ದು ನಿಜ. ಆದರೆ ಆ ದಿನದಿಂದ ಯಂತ್ರ ನಿಂತರೆ ಕೆಲಸವೂ ನಿಂತಿತು. ಹಿಂದೆ ದಫ್ತರ ಗಂಟು ಬಿಚ್ಚಿ ತೋರಿಸುವ ದಾರಿಯಾದರೂ ಇತ್ತು.

ಇಲ್ಲಿ ಎರಡು ಬೇರೆ ರೋಗಗಳಿವೆ, ಎರಡಕ್ಕೂ ನಾವು ಒಂದೇ ಹೆಸರು ಇಟ್ಟಿದ್ದೇವೆ. ಒಂದು, ಸರ್ವರ್ ನಿಲ್ಲುವುದು, ಅಂದರೆ ಹ್ಯಾಂಗ್ ಆಗುವುದು. ಇನ್ನೊಂದು, ಅದರೊಳಗಿನ ದಾಖಲೆಯೇ ಕೆಡುವುದು. ನಿಂತದ್ದೆಲ್ಲ ಕೆಟ್ಟಿರುವುದಿಲ್ಲ. ಇನ್ನು ಕೆಟ್ಟದ್ದು ಕೆಲವೊಮ್ಮೆ ನಿಲ್ಲದೆಯೂ ಓಡುತ್ತಿರುತ್ತದೆ, ಅದು ಹೆಚ್ಚು ಅಪಾಯ. ನಾನು ಕಂಡ ಮಟ್ಟಿಗೆ ದೊಡ್ಡ ನಷ್ಟಗಳು ರೋಗದಿಂದ ಆದವುಗಳಲ್ಲ, ಅವಸರದ ಔಷಧದಿಂದ ಆದವು.

ದೂರದ ಸರ್ವರಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ, ಅದರಲ್ಲಿ ನಮ್ಮ ಕೈಯಲ್ಲಿರುವುದು ಕಡಿಮೆ. ಬೆಂಗಳೂರಿನಲ್ಲಿಯೋ ದೆಹಲಿಯಲ್ಲಿಯೋ ಇರುವ ಯಂತ್ರ ನಿಧಾನವಾಗಲು ಸಾಮಾನ್ಯ ಕಾರಣ ಗದ್ದಲ. ಒಂದೇ ಬಾಗಿಲಿಗೆ ಲಕ್ಷ ಜನ ನುಗ್ಗಿದರೆ ಏನಾಗುತ್ತದೆಯೋ ಅದೇ. ಒಮ್ಮೊಮ್ಮೆ ಆ ಗದ್ದಲ ಸುಳ್ಳು ಗದ್ದಲವೂ ಆಗಿರುತ್ತದೆ. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಕುಸಿಯಿತು, ಉಪನೋಂದಣಿ ಕಚೇರಿಗಳಲ್ಲಿ ಜನ ಪರದಾಡಿದರು. ಋಣಭಾರ ಪತ್ರ ಹುಡುಕುವ ಕಿಟಕಿಗೆ ಸುಳ್ಳು ಖಾತೆಗಳಿಂದ ರಾಶಿ ರಾಶಿ ಬೇಡಿಕೆ ಸುರಿದು ಬೇಕೆಂದೇ ಉಸಿರುಗಟ್ಟಿಸಿದ್ದಾರೆ ಎಂದು ಸರ್ಕಾರ ಹೇಳಿತು. ಅಲ್ಲಿ ನಿಂತದ್ದು ಸೇವೆ ಮಾತ್ರ, ಆಸ್ತಿ ಪತ್ರಗಳು ಅಳಿದಿರಲಿಲ್ಲ. ವಿದ್ಯಾರ್ಥಿಗಳೇ, ವಿದ್ಯಾರ್ಥಿವೇತನದ ಅರ್ಜಿ ಹಾಕುವಾಗ ಇದನ್ನು ನೆನಪಿಡಿ. ಕೊನೆಯ ದಿನದ ಸಂಜೆಗೆ ಕೂಡಬೇಡಿ. ಚಕ್ರ ತಿರುಗುತ್ತಿರುವಾಗ ಗುಂಡಿಯನ್ನು ಮೂರು ಸಲ ಒತ್ತಬೇಡಿ, ಒಂದೇ ಅರ್ಜಿ ಎರಡಾಗಿ ಎರಡೂ ತಡೆಯಾಗುವುದುಂಟು. ಸ್ವೀಕೃತಿ ಸಂಖ್ಯೆ ಬಂದಿತೇ ಎಂದು ಮತ್ತೆ ಒಳಹೊಕ್ಕು ನೋಡಿ, ಬಂದಿದ್ದರೆ ಕಾಗದದ ಮೇಲೂ ಬರೆದುಕೊಳ್ಳಿ. ಇಷ್ಟೇ.

ನಮ್ಮ ಕೈಯಲ್ಲಿ ಇರುವುದು ನಮ್ಮ ಕೋಣೆಯ ಸರ್ವರ್. 2001-02ರಲ್ಲಿ ರಾಜ್ಯ ಸರ್ಕಾರ ಮಾಹಿತಿ ಸಿಂಧು ಯೋಜನೆಯಲ್ಲಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟ ಕಾಲದಿಂದ ಇಂದಿನವರೆಗೆ ನಮ್ಮ ಭಾಗದ ಕಂಪ್ಯೂಟರ್ ಕೋಣೆಗಳ ಚಿತ್ರ ಹೆಚ್ಚು ಬದಲಾಗಿಲ್ಲ. ಮೂಲೆಯಲ್ಲಿ ಒಂದು ದೊಡ್ಡ ಡಬ್ಬಿ, ಅದಕ್ಕೆ ಜೋಡಿಸಿದ ಹತ್ತು ಹನ್ನೆರಡು ಚಿಕ್ಕ ಯಂತ್ರಗಳು, ಕೆಳಗೆ ಯುಪಿಎಸ್, ಮೇಲೆ ಮೇಜುಬಟ್ಟೆ. ಎಲ್ಲರ ಫೈಲುಗಳೂ ಆ ಒಂದು ಡಬ್ಬಿಯಲ್ಲಿ. ಅದರ ಶತ್ರುಗಳು ಮೂವರು: ಕರೆಂಟು, ಸೆಕೆ ಮತ್ತು ಕರಿಮಣ್ಣಿನ ಧೂಳು. ವೈರಸ್ಸನ್ನು ನಾನು ನಾಲ್ಕನೆಯ ಸ್ಥಾನದಲ್ಲಿ ಇಡುತ್ತೇನೆ, ಅದಕ್ಕೆ ಇರುವಷ್ಟು ಹೆಸರು ಉಳಿದ ಮೂರಕ್ಕೆ ಇಲ್ಲ. ನಮ್ಮ ಜಿಲ್ಲೆಯಲ್ಲೇ ಕೂಡಗಿಯಲ್ಲಿ 2400 ಮೆಗಾವ್ಯಾಟಿನ ಶಾಖೋತ್ಪನ್ನ ಕೇಂದ್ರವಿದೆ, ಆಲಮಟ್ಟಿಯಲ್ಲಿ 290 ಮೆಗಾವ್ಯಾಟಿನ ಜಲವಿದ್ಯುತ್ತಿದೆ. ಆದರೂ ಹಳ್ಳಿಯ ಕಂಪ್ಯೂಟರ್ ಕೋಣೆಯಲ್ಲಿ ಕರೆಂಟು ಯಾವಾಗ ಹೋದೀತು ಎಂದು ಕಿವಿ ಫ್ಯಾನಿನ ಕಡೆಗೇ ಇರುತ್ತದೆ. ದೀಪದ ಕೆಳಗೆ ಕತ್ತಲೆ ಎಂಬ ಮಾತು ಸುಮ್ಮನೆ ಹುಟ್ಟಲಿಲ್ಲ.

ಕರೆಂಟು ಹೋದರೆ ದಾಖಲೆ ಏಕೆ ಕೆಡಬೇಕು? ಇದನ್ನು ಉತಾರದ ಉದಾಹರಣೆಯಿಂದ ಹೇಳುತ್ತೇನೆ.

ಹಾರ್ಡ್ ಡಿಸ್ಕನ್ನು ಒಂದು ಊರಿನ ಜಮೀನು ಎಂದುಕೊಳ್ಳಿ. ನಿಮ್ಮ ಪ್ರತಿ ಫೈಲೂ ಒಂದೊಂದು ಹೊಲ. ಯಾವ ಫೈಲು ಎಲ್ಲಿಂದ ಎಲ್ಲಿಯವರೆಗೆ ಇದೆ, ಯಾರ ಹೆಸರಿಗಿದೆ, ಯಾವ ಜಾಗ ಬೀಳು ಬಿದ್ದಿದೆ ಎಂಬುದನ್ನು ಬರೆದಿಟ್ಟ ದಫ್ತರವೂ ಅದೇ ಡಿಸ್ಕಿನಲ್ಲಿ ಇರುತ್ತದೆ. ಆ ದಫ್ತರ ಇಡುವ ಪದ್ಧತಿಗೇ ಫೈಲ್ ಸಿಸ್ಟಮ್ ಎನ್ನುತ್ತಾರೆ. ವಿಂಡೋಸಿನಲ್ಲಿ ಎನ್‌ಟಿಎಫ್‌ಎಸ್, ಲಿನಕ್ಸಿನಲ್ಲಿ ಇಎಕ್ಸ್‌ಟಿ-4, ಪೆನ್‌ಡ್ರೈವಿನಲ್ಲಿ ಬಹಳ ಸಲ ಫ್ಯಾಟ್-32, ಹೀಗೆ ಒಂದೊಂದರ ಬರವಣಿಗೆ ಒಂದೊಂದು ಬಗೆ. ನೀವು ಒಂದು ಫೈಲನ್ನು ಉಳಿಸಿದಾಗ ಯಂತ್ರ ಹಲವು ಕಡೆ ಬರೆಯಬೇಕಾಗುತ್ತದೆ. ಹೊಲದಲ್ಲಿ ಬೆಳೆ ಹಾಕಬೇಕು, ಬೀಳಿನ ಪಟ್ಟಿಯಿಂದ ಆ ಜಾಗ ತೆಗೆಯಬೇಕು, ಒಡೆಯನ ಹೆಸರಿಗೆ ಸೇರಿಸಬೇಕು. ಇದನ್ನೆಲ್ಲ ಅದು ಕೂಡಲೇ ಡಿಸ್ಕಿನ ಮೇಲೆ ಬರೆಯುವುದಿಲ್ಲ. ವೇಗಕ್ಕಾಗಿ ಸ್ವಲ್ಪ ಹೊತ್ತು ರ‍್ಯಾಮ್ ನೆನಪಿನಲ್ಲಿ ಇಟ್ಟುಕೊಂಡು ಆಮೇಲೆ ಒಟ್ಟಿಗೆ ಬರೆಯುತ್ತದೆ. ಆ ನಡುವೆ ಕರೆಂಟು ಹೋದರೆ ತಲಾಠಿ ಅರ್ಧ ಸಾಲು ಬರೆದು ಎದ್ದುಹೋದಂತೆ. ಬೀಳಿನ ಪಟ್ಟಿಯಿಂದ ಜಾಗ ಹೋಗಿದೆ, ಯಾರ ಹೆಸರಿಗೂ ಬಂದಿಲ್ಲ. ಇಲ್ಲವೇ ಒಂದೇ ಹೊಲ ಇಬ್ಬರ ಹೆಸರಿಗಿದೆ.

ಇದನ್ನು ತಡೆಯಲು ಜಾಣರು ಒಂದು ರೂಢಿ ತಂದರು. ದಫ್ತರ ತಿದ್ದುವ ಮೊದಲು "ಇಂಥ ತಿದ್ದುಪಡಿ ಮಾಡಲಿದ್ದೇನೆ" ಎಂದು ಒಂದು ರೋಜುಪುಸ್ತಕದಲ್ಲಿ ಬರೆದುಕೊಳ್ಳುವುದು. ಅದಕ್ಕೆ ಜರ್ನಲ್ ಎನ್ನುತ್ತಾರೆ. 1993ರಲ್ಲಿ ಬಂದ ಎನ್‌ಟಿಎಫ್‌ಎಸ್‌ನಲ್ಲಿಯೂ, 2008ರಲ್ಲಿ ಬಳಕೆಗೆ ಸಿದ್ಧವಾದ ಇಎಕ್ಸ್‌ಟಿ-4ರಲ್ಲಿಯೂ ಅದು ಇದೆ. ಕರೆಂಟು ಬಂದ ಮೇಲೆ ಯಂತ್ರ ರೋಜುಪುಸ್ತಕ ನೋಡಿ ಅರ್ಧಕ್ಕೆ ನಿಂತ ಕೆಲಸವನ್ನು ಪೂರ್ತಿ ಮಾಡುತ್ತದೆ, ಇಲ್ಲವೇ ಕೈಬಿಡುತ್ತದೆ. ಅದಕ್ಕೇ ದಿನಕ್ಕೆ ನಾಲ್ಕು ಸಲ ಕರೆಂಟು ಹೋದರೂ ನಮ್ಮ ಯಂತ್ರಗಳು ಎದ್ದು ಕೂಡುತ್ತಿವೆ. ಆದರೆ ಈ ಪುಸ್ತಕ ಸಾಮಾನ್ಯವಾಗಿ ದಫ್ತರವನ್ನು ಮಾತ್ರ ಕಾಯುತ್ತದೆ, ಹೊಲದ ಬೆಳೆಯನ್ನಲ್ಲ. ನೀವು ಅರ್ಧ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆಯ ಉಳಿದರ್ಧ ಅದರಿಂದ ಬರುವುದಿಲ್ಲ. ಇನ್ನು ಕ್ಯಾಮೆರಾ ಕಾರ್ಡು, ಪೆನ್‌ಡ್ರೈವುಗಳ ಫ್ಯಾಟ್-32ಕ್ಕೆ ಜರ್ನಲ್ಲೇ ಇಲ್ಲ. ಪೆನ್‌ಡ್ರೈವನ್ನು ಸರಕ್ಕನೆ ಎಳೆಯಬೇಡಿರಿ ಎಂದು ಹೇಳುವುದು ಸುಮ್ಮನೆ ಶಿಸ್ತಿಗಾಗಿ ಅಲ್ಲ.

ಈಗ ನಡೆದದ್ದನ್ನು ಹೇಳುತ್ತೇನೆ. ನಮ್ಮ ಭಾಗದ ಒಂದು ಪ್ರೌಢಶಾಲೆ, ಹೆಸರು ಬೇಡ. 2023ರ ಫೆಬ್ರುವರಿ. ಹತ್ತನೆಯ ತರಗತಿಯ ಆಂತರಿಕ ಅಂಕಗಳನ್ನು ಮಂಡಳಿಗೆ ಕಳಿಸುವ ದಿನಗಳು. ಎಸ್ಸೆಸ್ಸೆಲ್ಸಿಯಲ್ಲಿ ನೂರು ಅಂಕದ ವಿಷಯಕ್ಕೆ 20 ಅಂಕ ಶಾಲೆಯಿಂದಲೇ ಹೋಗುವುದು ತಮಗೆ ಗೊತ್ತೇ ಇದೆ. ಆ ಪಟ್ಟಿ ಸರ್ವರಿನಲ್ಲಿತ್ತು. ಅದರ ಜೊತೆಗೆ ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಹಿರಿಯ ಉರ್ದು ಶಿಕ್ಷಕರು ಹದಿನಾಲ್ಕು ವರ್ಷ ಕೂಡಿಸಿದ ಪಾಠಗಳೂ ಇದ್ದವು. ಸರ್ವರಿಗೆ ಉಬುಂಟು ಹಾಕಿತ್ತು, 500 ಜಿಬಿಯ ಒಂದೇ ಡಿಸ್ಕು. ಅದು ದಿನಾ ಮಧ್ಯಾಹ್ನ ನಿಲ್ಲತೊಡಗಿತು. ಮೌಸಿನ ಬಾಣ ಅಲ್ಲಾಡುವುದಿಲ್ಲ, ಎರಡು ಮೂರು ನಿಮಿಷಕ್ಕೆ ತಾನೇ ಎಚ್ಚರವಾಗುತ್ತದೆ, ಇಲ್ಲವೇ ಆಗುವುದೇ ಇಲ್ಲ. "ಸರ್, ಹಿಡ್ಕೊಂಡ್ ಕುಂತದ್ರಿ" ಎಂದು ಮಕ್ಕಳು ಕೂಗುತ್ತಿದ್ದರು. ಸಿಂದಗಿಯಿಂದ ಕರೆಸಿದ ಒಬ್ಬ ಮೆಕ್ಯಾನಿಕ್ ಎರಡು ನಿಮಿಷ ನೋಡಿ ತೀರ್ಪು ಕೊಟ್ಟ: "ವೈರಸ್ ಹೊಕ್ಕದ್ರಿ ಸರ್, ಫಾರ್ಮ್ಯಾಟ್ ಹೊಡದ್ ಬಿಡೂನು." ನಮ್ಮ ಕಡೆ ಫಾರ್ಮ್ಯಾಟ್ ಎಂಬುದು ಯಾವ ಜ್ವರ ಬಂದರೂ ಸಲಾಯಿನ್ ಹಚ್ಚಿದಂತೆ. ಫಾರ್ಮ್ಯಾಟ್ ಎಂದರೆ ಹಳೆಯ ದಫ್ತರ ಬದಿಗೆ ತಳ್ಳಿ ಇಡೀ ಊರನ್ನೇ ಬೀಳು ಎಂದು ಬರೆದುಕೊಳ್ಳುವುದು. ಯಂತ್ರ ಹಗುರಾಗಿ ಓಡುತ್ತದೆ, ಏಕೆಂದರೆ ಅದರಲ್ಲಿ ಏನೂ ಉಳಿದಿರುವುದಿಲ್ಲ.

ಮುಖ್ಯಗುರುಗಳು ಒಪ್ಪಲಿಲ್ಲ, ಅವರ ಆ ಒಂದು "ತಡೀರಿ" ಎಂಬ ಮಾತು ಹದಿನಾಲ್ಕು ವರ್ಷದ ಕೆಲಸ ಉಳಿಸಿತು. ಶಾಲೆಯ ಕಂಪ್ಯೂಟರ್ ಶಿಕ್ಷಕರು ಮತ್ತು ನಾನು ಕೂಡಿ ನೋಡಲು ಕುಳಿತೆವು.

ನಿಂತ ಯಂತ್ರದ ಮುಂದೆ ಮೊದಲು ಕೇಳಬೇಕಾದದ್ದು: ನಿಂತದ್ದು ಯಾವುದು? ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರುತ್ತಿದ್ದರೆ ಒಳಗಿನ ಜೀವ ಬಹುಮಟ್ಟಿಗೆ ಇನ್ನೂ ಇದೆ, ಪರದೆ ಅಥವಾ ಒಂದು ತಂತ್ರಾಂಶ ಮಾತ್ರ ಸಿಕ್ಕಿಕೊಂಡಿದೆ. ಬೇರೆ ಕಂಪ್ಯೂಟರಿನಿಂದ ಪಿಂಗ್ ಮಾಡಿ, ಅದು ಓ ಎನ್ನುತ್ತದೆಯೇ ನೋಡಿ. ಡಬ್ಬಿಯ ಮುಂದಿನ ಡಿಸ್ಕಿನ ದೀಪ ಬಿಡದೆ ಉರಿಯುತ್ತಿದೆಯೇ ನೋಡಿ, ಉರಿಯುತ್ತಿದ್ದರೆ ಯಂತ್ರ ಡಿಸ್ಕಿಗಾಗಿ ಕಾಯುತ್ತಿದೆ ಎಂದು ಅರ್ಥ. ಹಾಗೆ ಉರಿಯುವಾಗ ಪವರ್ ಗುಂಡಿಯನ್ನು ಒತ್ತಿ ಹಿಡಿಯುವುದು ಬರೆಯುತ್ತಿರುವ ತಲಾಠಿಯ ಕೈಯಿಂದ ಲೇಖನಿ ಕಿತ್ತುಕೊಂಡಂತೆ. ಹತ್ತು ನಿಮಿಷ ತಡೆಯಿರಿ. ತಡೆದರೂ ಏಳದಿದ್ದರೆ ಉಬುಂಟುವಿನಲ್ಲಿ ಒಂದು ಉಪಾಯವಿದೆ. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಒತ್ತಿ ಹಿಡಿದುಕೊಂಡು, ಒಂದೊಂದರ ನಡುವೆ ಕೆಲವು ಸೆಕೆಂಡು ಬಿಟ್ಟು, ಎಸ್, ಯು, ಬಿ ಎಂದು ಒತ್ತಬೇಕು. ಎಸ್ ಎಂದರೆ ನೆನಪಿನಲ್ಲಿ ಉಳಿದದ್ದನ್ನು ಡಿಸ್ಕಿಗೆ ಬರೆ, ಯು ಎಂದರೆ ಇನ್ನು ಓದಲು ಮಾತ್ರ ಇರಲಿ, ಬಿ ಎಂದರೆ ಮರುಪ್ರಾರಂಭ. ಯಂತ್ರ ಪೂರ್ತಿ ಸತ್ತಿದ್ದರೆ ಇದೂ ನಡೆಯದು, ಆಗ ಗುಂಡಿಯೇ ಗತಿ.

ಅನಂತರ ಸುಲಭದ ಕಾರಣಗಳು. ಡಿಸ್ಕು ತುಂಬಿದೆಯೇ? ಡಿಸ್ಕು ನೂರಕ್ಕೆ ನೂರು ತುಂಬಿದ ಸರ್ವರ್ ಥೇಟ್ ಕೆಟ್ಟ ಸರ್ವರಿನ ಹಾಗೇ ಆಡುತ್ತದೆ, ಹಳೆಯ ವಿಡಿಯೋ ನಾಲ್ಕು ಅಳಿಸಿದರೆ ಗುಣವಾಗುತ್ತದೆ. ಇಲ್ಲಿ ಅರ್ಧವೂ ತುಂಬಿರಲಿಲ್ಲ. ಸೆಕೆಯೇ? ಮುಚ್ಚಳ ಬಿಚ್ಚಿದಾಗ ಫ್ಯಾನಿನ ರೆಕ್ಕೆಗೆ ಕಂಬಳಿಯಷ್ಟು ಧೂಳು. ತೆಗೆದೆವು, ಸದ್ದು ಕಡಿಮೆಯಾಯಿತು, ನಿಲ್ಲುವುದು ನಿಲ್ಲಲಿಲ್ಲ. ರ‍್ಯಾಮ್ ಕೆಟ್ಟಿದೆಯೇ? ಕೆಟ್ಟ ರ‍್ಯಾಮ್ ಇದ್ದರೆ ಯಂತ್ರ ತಪ್ಪು ಅಕ್ಷರಗಳನ್ನು ಡಿಸ್ಕಿಗೆ ಬರೆಯುತ್ತದೆ, ಡಿಸ್ಕನ್ನು ಎಷ್ಟು ದುರಸ್ತಿ ಮಾಡಿದರೂ ಮತ್ತೆ ಕೆಡುತ್ತದೆ. ಮೆಮ್‌ಟೆಸ್ಟ್ ಎಂಬ ತಂತ್ರಾಂಶ ಒಂದು ರಾತ್ರಿ ಓಡಿಸಿದೆವು. ರ‍್ಯಾಮ್ ಗಟ್ಟಿ ಇತ್ತು.

ನಿಜವಾದ ಸುಳಿವು ಸಿಕ್ಕದ್ದು ಎರಡು ಕಡೆ. ಮೊದಲನೆಯದು ಯಂತ್ರದ ದಿನಚರಿ, ಅಂದರೆ ಲಾಗ್. ಸರ್ವರ್ ತನಗೆ ಏನಾಯಿತು ಎಂಬುದನ್ನು ಗಂಟೆ, ನಿಮಿಷ ಸಹಿತ ಬರೆದಿಡುತ್ತದೆ. ಅದನ್ನು ಓದುವವರು ಮಾತ್ರ ಕಡಿಮೆ. ಅದರಲ್ಲಿ ಡಿಸ್ಕಿನ ಓದು-ಬರಹದ ದೋಷಗಳಿದ್ದವು, ಒಂದು ಕೆಲಸ 120 ಸೆಕೆಂಡಿಗಿಂತ ಹೆಚ್ಚು ಹೊತ್ತು ತಡೆದುಕೊಂಡಿದೆ ಎಂಬ ದೂರು ಮತ್ತೆ ಮತ್ತೆ ಇತ್ತು. ಕೊನೆಯ ದಿನ ಫೈಲ್ ಸಿಸ್ಟಮನ್ನು ಓದಲು ಮಾತ್ರ ಎಂದು ಬದಲಿಸಿದ್ದೇನೆ ಎಂಬ ಸಾಲೂ ಇತ್ತು. ಈ ಕೊನೆಯದನ್ನು ನೋಡಿ ಹಲವರು ಗಾಬರಿಯಾಗುತ್ತಾರೆ, "ಉಳಿಸಾಕ ಬರವಲ್ದು" ಎಂದು ಬಲವಂತವಾಗಿ ಬದಲಿಸಲು ಹೋಗುತ್ತಾರೆ. ಅದು ಯಂತ್ರದ ಜಾಣತನ. ದಫ್ತರದಲ್ಲಿ ತಾಳೆಯಾಗದ್ದು ಕಂಡಾಗ ಇನ್ನು ಬರೆದರೆ ಹೆಚ್ಚು ಹಾಳಾದೀತು ಎಂದು ತಾನೇ ಲೇಖನಿ ಕೆಳಗಿಡುತ್ತದೆ. ಅದನ್ನು ಗೌರವಿಸಬೇಕು.

ಎರಡನೆಯ ಸುಳಿವು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ನೋಟ್‌ಬುಕ್ಕಿನಿಂದ ಬಂತು. ಯಂತ್ರ ನಿಂತಾಗಲೆಲ್ಲ ಗಡಿಯಾರ ನೋಡಿ ಬರೆದಿಡಮ್ಮ ಎಂದು ಹೇಳಿದ್ದೆವು. ಹನ್ನೊಂದು ದಿನಗಳಲ್ಲಿ ಒಂಬತ್ತು ಸಲ ನಿಂತಿತ್ತು, ಏಳು ಸಲ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ. ಆಕೆ ಅದರ ಪಕ್ಕದಲ್ಲಿ ತಾನಾಗಿಯೇ ಇನ್ನೊಂದು ಮಾತು ಬರೆದಿದ್ದಳು: "ಈ ಹೊತ್ತಿಗೆ ಲೈಟ್ ಸಣ್ಣ ಆಗ್ತದ, ಹೊಲದಾಗ ಮೋಟರ್ ಚಾಲೂ ಆಗ್ತಾವ." ತ್ರೀ ಫೇಸ್ ಬಂದೊಡನೆ ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಲೇ ಶುರುವಾಗಿ ವೋಲ್ಟೇಜು ಕುಸಿಯುತ್ತಿತ್ತು. ಹಾಗಾದರೆ ಯುಪಿಎಸ್ ಏನು ಮಾಡುತ್ತಿತ್ತು? ಸರ್ವರನ್ನು ಬಂದ್ ಮಾಡಿ, ಅದರ ಬದಲು ಒಂದು ಬಲ್ಬು ಹಚ್ಚಿ, ಗೋಡೆಯ ಪ್ಲಗ್ ಕಿತ್ತು ನೋಡಿದೆವು. ಒಂದು ಕ್ಷಣವೂ ನಿಲ್ಲಲಿಲ್ಲ. ಬ್ಯಾಟರಿ ಎಂದೋ ಸತ್ತಿತ್ತು, ಮುಂದಿನ ಹಸಿರು ದೀಪ ಮಾತ್ರ ಉರಿಯುತ್ತಿತ್ತು. ಈ ಬಗೆಯ ಸೀಸದ ಬ್ಯಾಟರಿಗಳ ಆಯುಷ್ಯ ಸೆಕೆ ಹತ್ತು ಡಿಗ್ರಿ ಏರಿದರೆ ಹೆಚ್ಚು ಕಡಿಮೆ ಅರ್ಧವಾಗುತ್ತದೆ. ಬೇಸಿಗೆಯಲ್ಲಿ ನಲವತ್ತು ದಾಟುವ ನಮ್ಮ ವಿಜಯಪುರ ಜಿಲ್ಲೆಯಲ್ಲಿ ಡಬ್ಬಿಯ ಮೇಲೆ ಬರೆದ ಆಯುಷ್ಯವನ್ನು ನಂಬುವಂತಿಲ್ಲ. ಆ ಹುಡುಗಿಯ ನೋಟ್‌ಬುಕ್ಕಿನ ಒಂದು ಪುಟಕ್ಕೆ ಆ ಮೆಕ್ಯಾನಿಕನ ಶುಲ್ಕಕ್ಕಿಂತ ಹೆಚ್ಚು ಬೆಲೆ ಎಂದು ನಾನು ಧಾರಾಳವಾಗಿ ಹೇಳುತ್ತೇನೆ.

ಹೀಗೆ ಪದೇ ಪದೇ ಪೆಟ್ಟು ತಿಂದು ಡಿಸ್ಕೂ ಗಾಯಗೊಂಡಿತ್ತು. ಡಿಸ್ಕು ತನ್ನ ಆರೋಗ್ಯವನ್ನು ತಾನೇ ಲೆಕ್ಕ ಇಡುತ್ತದೆ, ಸ್ಮಾರ್ಟ್ ಎಂಬ ಹೆಸರಿನ ಆ ವರದಿಯನ್ನು ಯಾರಾದರೂ ತೆರೆದು ನೋಡಬಹುದು. ಓದಲು ಆಗದೆ ಬಾಕಿ ಇಟ್ಟ ತುಣುಕುಗಳು, ಕೆಟ್ಟು ಬದಲಿ ಜಾಗಕ್ಕೆ ಸಾಗಿಸಿದ ತುಣುಕುಗಳು ಎಂಬ ಎರಡು ಸಾಲುಗಳ ಮುಂದೆ ಸೊನ್ನೆ ಇರಬೇಕು. ಇಲ್ಲಿ ಸೊನ್ನೆ ಇರಲಿಲ್ಲ, ಮರುದಿನ ನೋಡಿದಾಗ ಸಂಖ್ಯೆ ಬೆಳೆದಿತ್ತು. ಬೆಳೆಯುತ್ತಿರುವ ಸಂಖ್ಯೆ ಎಂದರೆ ಡಿಸ್ಕು ಸಾಯುತ್ತಿದೆ.

ಈ ಹಂತದಲ್ಲಿ ಸಾಮಾನ್ಯವಾಗಿ ಮಾಡುವ ಕೆಲಸ ದುರಸ್ತಿ ತಂತ್ರಾಂಶ ಓಡಿಸುವುದು. ವಿಂಡೋಸಿನಲ್ಲಿ ಚೆಕ್ ಡಿಸ್ಕ್, ಲಿನಕ್ಸಿನಲ್ಲಿ ಎಫ್‌ಎಸ್‌ಸಿಕೆ. ಒಳ್ಳೆಯ ತಂತ್ರಾಂಶಗಳೇ. ಆದರೆ ಅವು ದುರಸ್ತಿ ಮಾಡುವುದು ದಫ್ತರವನ್ನು, ನಿಮ್ಮ ಫೈಲನ್ನಲ್ಲ. ಎಲ್ಲ ಸಾಲುಗಳೂ ಒಂದಕ್ಕೊಂದು ತಾಳೆಯಾದರೆ ಅವುಗಳ ಕೆಲಸ ಮುಗಿಯಿತು. ಒಂದು ಹೊಲದ ವಿಷಯದಲ್ಲಿ ಗೊಂದಲವಿದ್ದರೆ ಒಬ್ಬನ ಹೆಸರು ಹೊಡೆದುಹಾಕಿ ಲೆಕ್ಕ ಸರಿಮಾಡಲು ಅವು ಹಿಂದೆಮುಂದೆ ನೋಡುವುದಿಲ್ಲ. ಸಾಯುತ್ತಿರುವ ಡಿಸ್ಕಿನ ಮೇಲೆ ಅವುಗಳನ್ನು ಓಡಿಸಿದರೆ ಇನ್ನೂ ಕಷ್ಟ, ಉಳಿದ ಅಲ್ಪ ಆಯುಷ್ಯ ದುರಸ್ತಿಯಲ್ಲೇ ಕಳೆದುಹೋಗುತ್ತದೆ. ಬಳಕೆಯಲ್ಲಿರುವ ಫೈಲ್ ಸಿಸ್ಟಮಿನ ಮೇಲೆ ಎಫ್‌ಎಸ್‌ಸಿಕೆ ಓಡಿಸುವುದಂತೂ ಕೂಡದು. ಅದಕ್ಕೇ ನಾನು ಹೇಳುವುದು, ಮೊದಲು ನಕಲು, ಆಮೇಲೆ ದುರಸ್ತಿ.

ಹೊಸ ಡಿಸ್ಕು ತಂದರು. ಹಳೆಯದನ್ನು ಸರ್ವರಿನಿಂದ ಕಳಚಿ, ಕರೆಂಟು ಗಟ್ಟಿ ಇರುವ ಬೇರೆ ಯಂತ್ರಕ್ಕೆ ಜೋಡಿಸಿ, ಪೆನ್‌ಡ್ರೈವಿನಿಂದ ಶುರು ಮಾಡಿ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ತುಣುಕು ತುಣುಕಾಗಿ ನಕಲು ಮಾಡಿದೆವು. ಅದರ ಗುಣವೆಂದರೆ ಸುಲಭವಾಗಿ ಓದಲು ಬರುವುದನ್ನು ಮೊದಲು ಬಾಚಿಕೊಳ್ಳುತ್ತದೆ, ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಬರುತ್ತದೆ, ಎಲ್ಲಿಯವರೆಗೆ ಆಯಿತು ಎಂದು ಬರೆದಿಡುವುದರಿಂದ ನಡುವೆ ನಿಂತರೂ ಮತ್ತೆ ಅಲ್ಲಿಂದಲೇ ಮುಂದುವರಿಯುತ್ತದೆ. ಎರಡು ರಾತ್ರಿ ಬೇಕಾಯಿತು. ಆಮೇಲೆ ನಕಲಿನ ಮೇಲೆ, ಮೊದಲು ಏನನ್ನೂ ಬದಲಿಸದೆ ಬರೀ ನೋಡಿ ಹೇಳುವಂತೆ ಎಫ್‌ಎಸ್‌ಸಿಕೆ ಓಡಿಸಿ, ದೋಷಗಳನ್ನು ಓದಿ, ಅನಂತರ ದುರಸ್ತಿಗೆ ಬಿಟ್ಟೆವು. ಒಡೆಯರು ಗೊತ್ತಾಗದ ಫೈಲುಗಳನ್ನು ಅದು ಲಾಸ್ಟ್ ಅಂಡ್ ಫೌಂಡ್ ಎಂಬ ಕಪಾಟಿನಲ್ಲಿ ಹೆಸರಿಲ್ಲದೆ, ಬರೀ ಸಂಖ್ಯೆ ಹಚ್ಚಿ ಇಟ್ಟಿತು. ಮಕ್ಕಳು ನಾಲ್ಕು ದಿನ ಕೂತು ಒಂದೊಂದನ್ನೂ ತೆರೆದು ಹೆಸರು ಹಚ್ಚಿದರು.

ಇಲ್ಲಿ ಭಾಷಾ ಶಿಕ್ಷಕರಿಗೆ ಮಾತ್ರ ಗೊತ್ತಿರುವ ಒಂದು ವಿಷಯ ಕೆಲಸಕ್ಕೆ ಬಂತು. ಕನ್ನಡದ ಹಲವು ಫೈಲುಗಳು ತೆರೆದಾಗ ರೋಮನ್ ಅಕ್ಷರಗಳಿಗೆ ಕೊಂಬು, ಚುಕ್ಕೆ, ಗೆರೆ ಮೂಡಿದಂಥ ವಿಚಿತ್ರ ಸಾಲುಗಳಾಗಿ ಕಂಡವು. "ಇವು ಕೆಟ್ಟಾವ್ರಿ, ಅಳಸ್ಲೇನ್ರಿ?" ಎಂದು ಒಬ್ಬ ಹುಡುಗ ಕೇಳಿದ. ಅವು ಕೆಟ್ಟಿರಲಿಲ್ಲ. ಯೂನಿಕೋಡ್ ಪೂರ್ವದ ನುಡಿ ಮತ್ತು ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಫೈಲುಗಳು ಅವು. ಅಂದಿನ ಪದ್ಧತಿಯಲ್ಲಿ ಕನ್ನಡದ ತುಣುಕುಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸುತ್ತಿದ್ದರು, ಆ ಅಕ್ಷರಶೈಲಿ ಯಂತ್ರದಲ್ಲಿ ಇಲ್ಲದಿದ್ದರೆ ಒಳಗಿನ ರೋಮನ್ ಹೊರಬೀಳುತ್ತದೆ. ಅಕ್ಷರಶೈಲಿ ಹಾಕಿದೊಡನೆ ಕನ್ನಡ ತಾನಾಗಿ ಎದ್ದು ನಿಂತಿತು. ಉರ್ದುವಿನ ಇನ್‌ಪೇಜ್ ಫೈಲುಗಳ ಕತೆಯೂ ಅಷ್ಟೇ. 1990ರ ದಶಕದಿಂದ ಉರ್ದು ಪತ್ರಿಕೆ, ಪುಸ್ತಕಗಳೆಲ್ಲ ಇನ್‌ಪೇಜಿನಲ್ಲೇ ತಯಾರಾದವು, ಆ ಫೈಲು ಇನ್‌ಪೇಜ್ ಇಲ್ಲದ ಯಂತ್ರದಲ್ಲಿ ಕಸದಂತೆ ಕಾಣುತ್ತದೆ. ಕಾಣಲು ಬಾರದ್ದೂ ಕೆಟ್ಟದ್ದೂ ಒಂದೇ ಅಲ್ಲ. ಹಳೆಯ ನುಡಿ, ಇನ್‌ಪೇಜ್ ಫೈಲುಗಳನ್ನು ಇನ್ನೂ ಇಟ್ಟುಕೊಂಡವರು ಆ ತಂತ್ರಾಂಶ ಓಡುವ ಯಂತ್ರಗಳು ಸಿಗುತ್ತಿರುವಾಗಲೇ ಅವನ್ನು ಯೂನಿಕೋಡಿಗೆ ಬದಲಿಸಿ, ಜೊತೆಗೆ ಒಂದು ಪಿಡಿಎಫ್ ಮಾಡಿಟ್ಟುಕೊಳ್ಳಿರೆಂದು ವಿನಂತಿ.

ಕೊನೆಗೆ ಸಿಕ್ಕದ್ದು ಎಷ್ಟು? ಅಂಕಗಳ ಪಟ್ಟಿ ಅರ್ಧ ಹಾಳಾಗಿತ್ತು, ಆದರೆ ಶಿಕ್ಷಕರ ಕೈಬರಹದ ರಜಿಸ್ಟರುಗಳಿದ್ದವು, ಒಂದು ಸಂಜೆ ಕೂತು ಮತ್ತೆ ತುಂಬಿ ಸಮಯಕ್ಕೆ ಕಳಿಸಿದರು. ಉರ್ದು ಪಾಠಗಳಲ್ಲಿ ಹೆಚ್ಚಿನವು ಬಂದವು. ಕವಿಗೋಷ್ಠಿಗಳ ಒಂದು ಧ್ವನಿಮುದ್ರಿಕೆಯ ಕಟ್ಟು ಪೂರ್ತಿ ಹೋಯಿತು. ಅದರಲ್ಲಿ ದನಿ ಕೊಟ್ಟವರಲ್ಲಿ ಇಬ್ಬರು ಈಗ ಇಲ್ಲ. ಆ ಹಿರಿಯ ಶಿಕ್ಷಕರು ಏನೂ ಮಾತಾಡಲಿಲ್ಲ, ಹಳೆಯ ಡಿಸ್ಕನ್ನು ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿ ಕೆಳಗಿಟ್ಟರು.

ಹೋದದ್ದಕ್ಕೆ ಕಾರಣ ಒಂದೇ, ಅದರ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಇದು ಕಂಪ್ಯೂಟರ್ ಬಂದ ಮೇಲಿನ ಸಮಸ್ಯೆ ಎಂದು ತಿಳಿಯಬಾರದು. ನಮ್ಮ ವಿಜಯಪುರದ ಆದಿಲಶಾಹಿ ಅರಸರ ಗ್ರಂಥಭಂಡಾರದ ಅಳಿದುಳಿದ ಹಸ್ತಪ್ರತಿಗಳು ಅಸರ್ ಮಹಲಿನಲ್ಲಿದ್ದವು, 1853ರಲ್ಲಿ ಅವನ್ನು ಲಂಡನ್ನಿಗೆ ಸಾಗಿಸಲಾಯಿತು. ಒಂದೇ ಪ್ರತಿ ಇದ್ದ ಗ್ರಂಥಕ್ಕೆ ಹುಳ ಬಿದ್ದರೆ ಅಲ್ಲಿಗೆ ಮುಗಿಯಿತು. ಎರಡನೆಯ ಇಬ್ರಾಹಿಂ ಆದಿಲಶಾಹನ ಕಿತಾಬೆ ನೌರಸ್ ಇಂದಿಗೂ ನಮಗೆ ಸಿಗುವುದು ಲಿಪಿಕಾರರು ಅದನ್ನು ಹಲವು ಪ್ರತಿ ಮಾಡಿದ್ದರಿಂದ. ಅಂದು ಒಂದೊಂದು ಪ್ರತಿಗೂ ಎಷ್ಟು ದಿನ, ಎಷ್ಟು ಕಣ್ಣು ಬೇಕಾಗಿತ್ತು! ಇಂದು ಐದು ನಿಮಿಷ ಸಾಕು, ಆದರೂ ನಾವು ಮಾಡುವುದಿಲ್ಲ.

ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ಜನಪ್ರಿಯಗೊಳಿಸಿದ ಒಂದು ಲೆಕ್ಕವಿದೆ: ಮೂರು, ಎರಡು, ಒಂದು. ಒಟ್ಟು ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಕೆಲವರು ಸರ್ವರಿನಲ್ಲೇ ಎರಡು ಡಿಸ್ಕು ಜೋಡಿಸಿ, ರೇಡ್ ಮಾಡಿಸಿದ್ದೇವೆ, ಚಿಂತೆಯಿಲ್ಲ ಎನ್ನುತ್ತಾರೆ. ರೇಡ್ ಇದ್ದರೆ ಒಂದು ಡಿಸ್ಕು ಸತ್ತರೂ ಕೆಲಸ ನಡೆಯುತ್ತದೆ, ಅಷ್ಟೇ. ನೀವು ತಪ್ಪಿ ಅಳಿಸಿದ ಫೈಲು ಎರಡರಲ್ಲೂ ಒಟ್ಟಿಗೇ ಅಳಿಯುತ್ತದೆ, ಫೈಲ್ ಸಿಸ್ಟಮ್ ಕೆಟ್ಟರೆ ಎರಡರಲ್ಲೂ ಒಟ್ಟಿಗೇ ಕೆಡುತ್ತದೆ. ಸದಾ ಯಂತ್ರಕ್ಕೆ ಅಂಟಿಕೊಂಡಿರುವ ಡಿಸ್ಕಿನ ಪ್ರತಿಯೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ದುಷ್ಟರು ನುಗ್ಗಿ ಫೈಲುಗಳಿಗೆ ಬೀಗ ಜಡಿದರು. ಸುಮಾರು ಎರಡು ವಾರ ದೇಶದ ಆ ದೊಡ್ಡ ಆಸ್ಪತ್ರೆ ಕಾಗದ ಪೆನ್ನಿನ ಮೇಲೆ ನಡೆಯಿತು. ಅಂಥ ಬೀಗ ತಗಲದ ಪ್ರತಿ ಎಂದರೆ ಕಳಚಿ ಕಪಾಟಿನಲ್ಲಿ ಇಟ್ಟದ್ದು.

ಇನ್ನು ಪ್ರತಿ ಇದೆ ಎಂಬ ನಂಬಿಕೆ ಬೇರೆ, ಪ್ರತಿ ತೆರೆಯುತ್ತದೆ ಎಂಬ ಖಾತರಿ ಬೇರೆ. ತಿಂಗಳಿಗೊಮ್ಮೆ ಆ ಪ್ರತಿಯಿಂದ ಯಾವುದಾದರೂ ಎರಡು ಫೈಲನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ಹಾಗೆ ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಕರೆಯುವುದಿಲ್ಲ.

ಸಂಘದ ಪದಾಧಿಕಾರಿಗಳಲ್ಲಿ ಒಂದು ಮಾತು. ಹೊಸ ಕಂಪ್ಯೂಟರ್ ಕೊಡಿಸುವ ದಾನಿಗಳು ನಮ್ಮಲ್ಲಿ ಇದ್ದಾರೆ, ಅವರ ಹೆಸರು ಗೋಡೆಯ ಮೇಲೂ ಬರುತ್ತದೆ, ಬರಲಿ. ಯುಪಿಎಸ್ಸಿಗೆ ಬ್ಯಾಟರಿ ಕೊಡಿಸಿದವರ ಹೆಸರನ್ನೂ ಒಮ್ಮೆ ಗೋಡೆಗೆ ಬರೆಸೋಣ. ಸಂಘದ ಕಚೇರಿಯ ಕಂಪ್ಯೂಟರಿನಲ್ಲಿ ಹಳೆಯ ವಿದ್ಯಾರ್ಥಿಗಳ ಪಟ್ಟಿ, ವಿದ್ಯಾರ್ಥಿವೇತನ ಪಡೆದವರ ವಿವರ, ಹಿಂದಿನ ವಾರ್ಷಿಕ ಸಂಚಿಕೆಗಳ ಪುಟಗಳು ಇವೆ. ಅವುಗಳ ಎರಡನೆಯ ಪ್ರತಿ ಇಂದು ಯಾರ ಮನೆಯಲ್ಲಿದೆ ಎಂದು ಕೇಳಿದರೆ ಉತ್ತರ ಸಿಗುವಂತಿರಬೇಕು. ಒಬ್ಬರ ಹೆಸರನ್ನು ಈ ಸಭೆಯಲ್ಲೇ ಗೊತ್ತು ಮಾಡಬಹುದೇನೋ.

ವಿದ್ಯಾರ್ಥಿಗಳಲ್ಲಿ ಆಸಕ್ತಿ ಇರುವವರು ಊಟವಾದ ಮೇಲೆ ಕಂಪ್ಯೂಟರ್ ಕೋಣೆಗೆ ಬನ್ನಿ. ಒಂದು ಹಳೆಯ ಡಿಸ್ಕನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದೇವೆ, ಒಳಗಿನ ಕನ್ನಡಿಯಂಥ ತಟ್ಟೆ, ಅದರ ಮೇಲೆ ಓಡಾಡುವ ಸಣ್ಣ ಮುಳ್ಳು ಎರಡೂ ಕಾಣುತ್ತವೆ. ಸ್ಮಾರ್ಟ್ ವರದಿಯನ್ನು ಓದುವುದು ಹೇಗೆಂದು ಕಂಪ್ಯೂಟರ್ ಶಿಕ್ಷಕರು ತೋರಿಸುತ್ತಾರೆ. ಬರುವ ತಿಂಗಳಿನಿಂದ ಆ ಕೋಣೆಯ ಬಾಗಿಲಿಗೆ ಒಂದು ನೋಟ್‌ಬುಕ್ ಕಟ್ಟಿಡುತ್ತೇವೆ. ಯಂತ್ರ ನಿಂತಾಗ ತಾರೀಖು, ಗಂಟೆ, ಆಗ ಕರೆಂಟು ಹೇಗಿತ್ತು, ನೀವು ಯಾವ ಕೆಲಸ ಮಾಡುತ್ತಿದ್ದಿರಿ ಎಂಬುದನ್ನು ಕನ್ನಡದಲ್ಲೋ ಉರ್ದುವಿನಲ್ಲೋ ನಿಮಗೆ ಬಂದ ಭಾಷೆಯಲ್ಲಿ ಬರೆಯಿರಿ. ಪೆನ್ನು ಮಾತ್ರ ನೀವೇ ತರಬೇಕು, ಅಲ್ಲಿ ಕಟ್ಟಿದ ಪೆನ್ನು ಒಂದು ದಿನವೂ ಉಳಿಯುವುದಿಲ್ಲ.